ಆರು ವ್ಯಾಟಿನ ಪಂಪು

ನನ್ನ ಹೆಸರು ಮರಿಸ್ವಾಮಿ. ಹುಟ್ಟೂರು ಹೆಡತಲೆ, ಈಗ ಇರುವುದು ನಂಜನಗೂಡಿನಲ್ಲಿ. ಕಪಿಲಾ ನದಿಯ ದಡದ ಒಂದು ಪಂಪ್‌ಹೌಸಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರಾಗಿದ್ದು, ನಾಲ್ಕು ವರ್ಷದ ಹಿಂದೆ ರಿಟೈರ್ ಆದೆ. ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಪಕ್ಕ ಕೂತವರು ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದರೆ ನಾನು ನೇರವಾಗಿ ಉತ್ತರ ಕೊಡುವವನಲ್ಲ. ಮೊದಲು ನೀವು ಎಲ್ಲಿಯ ನೀರು ಕುಡಿಯುತ್ತೀರಿ ಹೇಳಿ ಎನ್ನುತ್ತೇನೆ. ಅವರು ಹೇಳಿದ ಊರು ನಮ್ಮ ಪೈಪಿನ ದಾರಿಯಲ್ಲಿದ್ದರೆ ಮುಗಿಯಿತು, ಇಳಿಯುವ ಸ್ಟಾಪ್ ಬರುವವರೆಗೆ ಅವರಿಗೆ ಬಿಡುಗಡೆಯಿಲ್ಲ. ಇಳಿಯುವಾಗ ಅವರು ನನ್ನನ್ನು ಎಂಜಿನಿಯರ್ ಎಂದುಕೊಂಡೇ ಇಳಿಯುತ್ತಾರೆ. ನಾನು ಹೌದು ಎಂದು ಹೇಳಿರುವುದಿಲ್ಲ. ಅಲ್ಲ ಎಂದೂ ಹೇಳಿರುವುದಿಲ್ಲ.

ನಿಜ ಹೇಳಬೇಕೆಂದರೆ ನನ್ನ ಕೆಲಸ ಹಸಿರು ಗುಂಡಿ ಒತ್ತುವುದು, ಹೊತ್ತಾದ ಮೇಲೆ ಕೆಂಪು ಗುಂಡಿ ಒತ್ತುವುದು, ನಡುವೆ ಮೀಟರು ನೋಡಿ ಪುಸ್ತಕದಲ್ಲಿ ಬರೆಯುವುದು. ಬೇಸಿಗೆಯಲ್ಲಿ ನದಿಯ ನೀರು ಇಳಿದಾಗ ಜಾಲರಿಗೆ ಸಿಕ್ಕಿಕೊಂಡ ಕಸಕಡ್ಡಿ ಎಳೆದು ಹಾಕುವುದು. ಪಂಪು ಕೆಟ್ಟರೆ ಸರಿ ಮಾಡುತ್ತಿದ್ದವರು ಮೆಕ್ಯಾನಿಕ್ ದೊಡ್ಡಸಿದ್ದಯ್ಯ, ಚಿಕ್ಕಯ್ಯನಛತ್ರದವರು, ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು. ಪಂಪುಗಳು ಇದ್ದದ್ದು ನೆಲದಿಂದ ನಲವತ್ತು ಅಡಿ ಕೆಳಗೆ, ಬಾವಿಯಂಥ ಕಾಂಕ್ರೀಟ್ ಗುಂಡಿಯಲ್ಲಿ. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಕತ್ತಲೆ. ಅವರು ಸ್ಪ್ಯಾನರ್ ಹಿಡಿದು ಇಳಿದರೆ ನಾನು ಟಾರ್ಚ್ ಹಿಡಿದು ಹಿಂದೆ ಇಳಿಯುತ್ತಿದ್ದೆ. ಅವರು ಬಿಚ್ಚುತ್ತಿದ್ದರು, ನಾನು ಬೆಳಕು ಬಿಡುತ್ತಿದ್ದೆ.

ಒಂದು ವರ್ಷ ಕಪಿಲೆ ಉಕ್ಕಿ ಗುಂಡಿಯೊಳಗೆ ನೀರು ನುಗ್ಗಿ, ಅರವತ್ತು ಎಚ್‌ಪಿಯ ಎರಡೂ ಮೋಟರು ಮುಳುಗಿಹೋದವು. ನೀರು ಇಳಿದ ಮೇಲೆ ದೊಡ್ಡಸಿದ್ದಯ್ಯ ಮೋಟರು ಬಿಚ್ಚಿ, ಕೆಸರು ತೊಳೆದು, ಒಳಗೆ ದೊಡ್ಡ ಬಲ್ಬು ಉರಿಸಿ ಕಾಯಿಲ್ ಒಣಗಿಸಿ, ಮೂರನೇ ದಿನಕ್ಕೆ ನಲ್ಲಿಗಳಲ್ಲಿ ನೀರು ಬರುವಂತೆ ಮಾಡಿದರು. ಆ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ‘ಅವರು ಬಿಚ್ಚಿದರು’ ಎನ್ನುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ ಅದು ‘ನಾವು ಬಿಚ್ಚಿದೆವು’ ಆಯಿತು. ದೊಡ್ಡಸಿದ್ದಯ್ಯ ರಿಟೈರ್ ಆಗಿ ಊರಿಗೆ ಹೋದ ಮೇಲೆ ಕೇಳುವವರು ಯಾರೂ ಇರಲಿಲ್ಲವಾಗಿ ‘ನಾನು ಬಿಚ್ಚಿದೆ’ ಎಂಬಲ್ಲಿಗೆ ಬಂದು ನಿಂತಿತು.

ನನ್ನ ಬೀಳ್ಕೊಡುಗೆಯ ದಿನ ಹಾರ ಹಾಕಿ, ಪೇಟ ತೊಡಿಸಿ, ಮೈಕು ಕೈಗೆ ಕೊಟ್ಟರು. ಮೈಕು ಕಂಡರೆ ನನಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಆ ವರ್ಷದ ಕಥೆಯನ್ನು ಶುರುಮಾಡಿ, ಮೋಟರಿನ ಒಂದೊಂದು ಬೋಲ್ಟನ್ನೂ ನನ್ನ ಕೈಯಿಂದಲೇ ಬಿಚ್ಚಿಸಿ, ಊರಿಗೆ ನೀರು ಹರಿಸಿ, ಚಪ್ಪಾಳೆಯ ನಡುವೆ ಕಣ್ಣು ಒರೆಸಿಕೊಂಡು ನೋಡುತ್ತೇನೆ, ಮೊದಲ ಸಾಲಿನಲ್ಲಿ ದೊಡ್ಡಸಿದ್ದಯ್ಯ ಕೂತಿದ್ದಾರೆ. ಯಾರೋ ಅವರನ್ನೂ ಕರೆದಿದ್ದರು. ಅವರು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಎಲ್ಲರ ಜೊತೆ ಕೂತು ಕೇಸರಿಬಾತು ತಿಂದು, ಕೈ ತೊಳೆದು, ನನ್ನ ಕೈ ಹಿಡಿದು, “ಚೆನ್ನಾಗಿ ಮಾತಾಡ್ದೆ ಕಣ್ಲಾ ಮರಿ” ಎಂದು ಹೇಳಿ ಬಸ್ಸಿಗೆ ಹೋದರು.

ಆ ದಿನದಿಂದ ನಾನು ಅವರ ಮುಖ ನೋಡಿರಲಿಲ್ಲ. ಅವರ ಊರು ನಮ್ಮ ಮನೆಯಿಂದ ಆಟೋದಲ್ಲಿ ಹೋಗಿ ಬರುವಷ್ಟು ಹತ್ತಿರ. ಆದರೂ ಆ ರಸ್ತೆಯಲ್ಲಿ ನನಗೆ ಕೆಲಸವೇ ಬೀಳದಂತೆ ನೋಡಿಕೊಂಡಿದ್ದೆ. ನನ್ನ ಹೆಂಡತಿ ಪುಟ್ಟಮಾದಮ್ಮ ಅವತ್ತೇ ಮನೆಗೆ ಬಂದು, ಆ ಮೋಟರು ರಿಪೇರಿ ಮಾಡಿದವರು ಸಿದ್ದಯ್ಯನವರಲ್ಲವೇ ಎಂದು ಕೇಳಿದ್ದಳು. ಸ್ಟೇಜಿನ ಮೇಲೆ ಅಷ್ಟು ವಿವರವಾಗಿ ಹೇಳಲು ಟೈಮ್ ಇರುವುದಿಲ್ಲ ಎಂದಿದ್ದೆ. ನಲವತ್ತು ನಿಮಿಷ ಮಾತಾಡಿದ್ದೆ.

ಇಷ್ಟು ಹಿನ್ನೆಲೆ ಸಾಕು. ಇನ್ನು ಮೀನಿನ ವಿಚಾರ.

ನಮ್ಮ ಮಗಳು ರೋಜಾ ತಿ. ನರಸೀಪುರದಲ್ಲಿ ಸ್ಟಾಫ್ ನರ್ಸ್. ಅಳಿಯ ರಾಹುಲ್ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು, ಮಿತವಾಗಿ ಮಾತಾಡುವ ಹುಡುಗ. ಅವರ ಹಾಲಿನಲ್ಲಿ ಬುದ್ಧನ ಫೋಟೊದ ಕೆಳಗೆ ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರಲ್ಲಿ ಎರಡು ಗೋಲ್ಡ್‌ಫಿಶ್, ನಾಲ್ಕು ಕಪ್ಪು ಮೋಲಿ. ರೋಜಾ ಡ್ಯೂಟಿ ಮುಗಿಸಿ ಬಂದವಳು ಮೊದಲು ಅದರ ಮುಂದೆ ಒಂದು ಕುರ್ಚಿ ಎಳೆದುಕೊಂಡು ಹತ್ತು ನಿಮಿಷ ಸುಮ್ಮನೆ ಕೂರುತ್ತಾಳೆ. ಆಗ ಯಾರೂ ಅವಳನ್ನು ಮಾತಾಡಿಸುವುದಿಲ್ಲ. ವಾರ್ಡಿನಲ್ಲಿ ಏನು ನೋಡಿ ಬಂದಿರುತ್ತಾಳೋ ಅದು ಅಲ್ಲಿಗೆ ಇಳಿದುಹೋಗುತ್ತದೆ ಎಂದು ಪುಟ್ಟಮಾದಮ್ಮ ಹೇಳುತ್ತಾಳೆ.

ಹೋದ ವರ್ಷ ರಾಹುಲ್‌ನ ಕಡೆಯವರ ಮದುವೆಗೆಂದು ಇಬ್ಬರೂ ಮೂರು ದಿನ ಕೊಳ್ಳೇಗಾಲಕ್ಕೆ ಹೊರಟರು. ಮನೆಗೂ ಮೀನಿಗೂ ಕಾವಲು ನಾವು. ರೋಜಾ ಮೀನಿನ ತಿಂಡಿಯ ಡಬ್ಬಿ ತೋರಿಸಿ, ಬೆಳಿಗ್ಗೆ ಒಂದು ಚಿಟಿಕೆ ಹಾಕಿದರೆ ಸಾಕು ಎಂದಳು. ಆಮೇಲೆ ನನ್ನ ಮುಖ ನೋಡಿ, “ಬೇರೆ ಏನೂ ಮಾಡ್ಬೇಡಿ ಅಪ್ಪ” ಎಂದಳು. ಒಂದು ಊರಿಗೆ ನೀರು ಕೊಟ್ಟವನಿಗೆ ಒಂದು ತೊಟ್ಟಿಯ ಬಗ್ಗೆ ಹೇಳುವ ಮಾತೇ ಇದು ಎಂದು ನನಗೆ ಸ್ವಲ್ಪ ಬೇಜಾರಾಯಿತು.

ಅವರು ಹೋದ ದಿನ ಸಂಜೆ ನಾವಿಬ್ಬರೂ ಸಂಗಮದ ಕಡೆ ಅಡ್ಡಾಡಿಕೊಂಡು ಬರಲು ಹೋದೆವು. ಕಾವೇರಿ, ಕಪಿಲೆ ಕೂಡುವ ಕಡೆ ಕಾಲು ಇಳಿಬಿಟ್ಟು ಕೂತಾಗ ನನಗೆ ಮಗಳ ತೊಟ್ಟಿಯ ನೆನಪಾಯಿತು. ಅದರ ತಳದಲ್ಲಿ ಹಾಕಿದ್ದವು ನೀಲಿ ಬಣ್ಣದ ಕಲ್ಲುಗಳು, ಪೆಪ್ಪರ್‌ಮಿಂಟ್ ಇದ್ದಹಾಗೆ. ಮೀನಿಗೆ ಬೇಕಾದದ್ದು ಮರಳಲ್ಲವೇ? ಅದೂ ಎರಡು ನದಿಯ ಮರಳು. ಇಷ್ಟು ಹತ್ತಿರ ಇದ್ದೂ ಈ ಓದಿದವರಿಗೆ ಹೊಳೆದಿಲ್ಲವಲ್ಲ ಎಂದುಕೊಂಡು ಪ್ಲಾಸ್ಟಿಕ್ ಕವರಿಗೆ ಎರಡು ಬೊಗಸೆ ನುಣ್ಣನೆಯ ಮರಳು ತುಂಬಿಕೊಂಡೆ. ಪುಟ್ಟಮಾದಮ್ಮ, ಮಗಳು ಬೇರೇನೂ ಮಾಡಬೇಡಿ ಎಂದು ಹೇಳಿ ಹೋಗಿದ್ದಾಳೆ ಎಂದು ನೆನಪಿಸಿದಳು. ಇದು ಮಾಡುವುದಲ್ಲ, ಹಾಕುವುದು ಎಂದೆ.

ಮನೆಗೆ ಬಂದು ಮರಳು ತೊಳೆದು ತೊಟ್ಟಿಗೆ ಸುರಿದೆ. ನೀರು ಸ್ವಲ್ಪ ಹೊತ್ತು ಮಂಕಾಗಿ, ಆಮೇಲೆ ತಿಳಿಯಾಯಿತು. ಒಂದು ಗೋಲ್ಡ್‌ಫಿಶ್ ಮರಳನ್ನು ಬಾಯಿಗೆ ತೆಗೆದುಕೊಂಡು ಉಗುಳಿತು. ನೋಡು, ಎಷ್ಟು ಸಂತೋಷ ಎಂದು ಹೆಂಡತಿಗೆ ತೋರಿಸಿದೆ.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯಲ್ಲಿ ಗುಳ್ಳೆಯೇ ಇಲ್ಲ. ಗಾಜಿನ ಗೋಡೆಗೆ ಅಂಟಿಸಿದ್ದ ಕಪ್ಪು ಫಿಲ್ಟರು, ಗೇಣುದ್ದದ್ದು, ನೀರೊಳಗೆ ಮುಳುಗಿಯೇ ಇರುವಂಥದ್ದು. ದಿನವೂ ಅದರ ಮೇಲ್ಗಡೆಯ ಮೂತಿಯಿಂದ ನೀರು ಚಿಮ್ಮಿ ಬರುತ್ತಿತ್ತು. ಈಗ ಬರುತ್ತಿಲ್ಲ. ಕಿವಿ ಇಟ್ಟು ಕೇಳಿದರೆ ಒಳಗೆ ಗುಂಯ್ ಎಂದು ಸಣ್ಣ ಸದ್ದು ಮಾತ್ರ. ಮೀನುಗಳು ಮೇಲೆ ಬಂದು ಬಾಯಿ ಕಳೆದು ಮುಚ್ಚಿ ಮಾಡುತ್ತಿದ್ದವು.

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಖುಷಿ. ಮೂರು ವರ್ಷದಿಂದ ಯಾರೂ ನನ್ನನ್ನು ಪಂಪಿನ ವಿಷಯ ಕೇಳಿರಲಿಲ್ಲ.

ಮೋಟರು ಗುಂಯ್ ಎಂದು ತಿರುಗದೇ ನಿಂತಿದ್ದರೆ ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋಗಿದೆ ಎಂದು ಅರ್ಥ, ಪಂಪ್‌ಹೌಸಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಹೆಂಡತಿಗೆ ಗಂಭೀರವಾಗಿ ಹಾಗೇ ಹೇಳಿದೆ. ಆ ಮನೆಗೆ ಇರುವುದೇ ಒಂದು ಫೇಸ್ ಎಂಬುದು ಆಮೇಲೆ ನೆನಪಾಯಿತು. ಅದೂ ಹೋಗಿದ್ದರೆ ಫ್ಯಾನು ತಿರುಗುತ್ತಿರಲಿಲ್ಲ. ತಲೆಯ ಮೇಲೆ ಫ್ಯಾನು ಚೆನ್ನಾಗಿ ತಿರುಗುತ್ತಿತ್ತು. ಸರಿ, ಹಾಗಾದರೆ ಪಂಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ ಎಂದು ತೋಳು ಮಡಚಿ ತೊಟ್ಟಿಗೆ ಕೈ ಹಾಕುವಷ್ಟರಲ್ಲಿ ಪುಟ್ಟಮಾದಮ್ಮ ಓಡಿ ಬಂದು ಪ್ಲಗ್ಗು ಕಿತ್ತಳು. ಮೂವತ್ತನಾಲ್ಕು ವರ್ಷ ‘ಮೊದಲು ಮೇನ್ ಆಫ್ ಮಾಡಿ’ ಎಂಬ ಬೋರ್ಡಿನ ಕೆಳಗೇ ಕೂತು ಊಟ ಮಾಡಿದ್ದವನು ನಾನು. ಹೆಡತಲೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳು ಅವಳು.

ಫಿಲ್ಟರನ್ನು ಹೊರಗೆ ತೆಗೆದೆ. ಕೆಳಗಿನ ಅರ್ಧ ಸುಲಭವಾಗಿ ಕಳಚಿತು. ಒಳಗೆ ಒಂದು ಸ್ಪಂಜು, ಕಪ್ಪಗೆ ಲೋಳೆ ಲೋಳೆಯಾಗಿ, ಮುಟ್ಟಲು ಅಸಹ್ಯ. ಸಿಕ್ಕಿತು ಕಳ್ಳ ಎಂದುಕೊಂಡೆ. ಪಾತ್ರೆ ತೊಳೆಯುವ ಸೋಪು ಹಾಕಿ, ಹಿಂಡಿ ಹಿಂಡಿ, ಹೊಸದರಂತೆ ಹಳದಿ ಬಣ್ಣ ಬರುವವರೆಗೆ ತೊಳೆದು ಒಳಗಿಟ್ಟು, ತೊಟ್ಟಿಗೆ ಇಳಿಸಿ, ಪ್ಲಗ್ಗು ಹಾಕಿಸಿದೆ. ಗುಂಯ್. ಅಲುಗಾಡಿಸಿದೆ. ಗುಂಯ್. ಮತ್ತೆ ತೆಗೆದು ಚಮಚದಿಂದ ತಟ್ಟಿದೆ. ತಲೆಕೆಳಗೆ ಮಾಡಿ ನೀರು ತುಂಬಿಸಿದೆ. ಮೇಲಿನ ಮೋಟರಿನ ಭಾಗವನ್ನು ಎಲ್ಲಿ ಬಿಚ್ಚುವುದೆಂದು ಹುಡುಕಿದೆ, ಒಂದು ಸ್ಕ್ರೂ ಇಲ್ಲ. ಸ್ಕ್ರೂ ಇಲ್ಲದ ಪಂಪನ್ನು ಬಿಚ್ಚುವುದು ಹೇಗೆ? ಇದು ಬಿಚ್ಚಲು ಬಾರದಂತೆ ಸೀಲ್ ಮಾಡಿದ ಚೀನಾ ಮಾಲು ಎಂದು ತೀರ್ಪು ಕೊಟ್ಟೆ.

ಅಷ್ಟರಲ್ಲಿ ಅಳಿಯನ ಫೋನು ಬಂತು. ಊಟ ತಿಂಡಿ ವಿಚಾರಿಸಿ, ಮೀನು ಹೇಗಿವೆ ಮಾವ ಎಂದು ಕೇಳಿದ. ಈಜುತ್ತಿವೆ ಎಂದೆ. ಸುಳ್ಳಲ್ಲ. ಆರೂ ಮೀನು ಮೇಲೆ ಮೂತಿ ಎತ್ತಿ ಒಂದೇ ಮೂಲೆಯಲ್ಲಿ ಈಜುತ್ತಿದ್ದವು.

ಫಿಲ್ಟರನ್ನು ಟಿಫನ್ ಬಾಕ್ಸಿಗೆ ಹಾಕಿಕೊಂಡು ಪೇಟೆಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಬಣ್ಣದ ಮೀನು ಮಾರುವ ಅಂಗಡಿ ಇದೆ, ಮದನ್ ಎಂಬಾತನದು. ಆ ಅಳತೆಯ ಫಿಲ್ಟರು ಸ್ಟಾಕಿಲ್ಲ, ನಾಳೆ ಮೈಸೂರಿನಿಂದ ತರಿಸಬಹುದು ಎಂದ. ಆಮೇಲೆ ಕೈಗೆ ತೆಗೆದುಕೊಂಡು ತಿರುಗಿಸಿ ನೋಡುತ್ತಾ, “ಸಾ, ಇದೇನ್ ಕೆಟ್ಟಿರಲ್ಲ. ಮೇಲ್ಗಡೆ ಮೂತಿ ಐತಲ್ಲ, ಅದನ್ನ ಒಸಿ ತಿರುಗ್ಸುದ್ರೆ…” ಎಂದು ಶುರುಮಾಡಿದ.

ನಾನು ಅವನಿಗೆ ಮುಗಿಸಲು ಬಿಡಲಿಲ್ಲ. “ನೋಡಪ್ಪ, ಅರವತ್ತು ಎಚ್‌ಪಿ ಮೋಟರು ಓಡ್ಸಿರೋನು ನಾನು. ನನ್ಗೆ ಹೇಳ್ಕೊಡ್ಬೇಡ” ಎಂದೆ.

ಮದನ್ ನಕ್ಕು, ಫಿಲ್ಟರನ್ನು ಮರ್ಯಾದೆಯಿಂದ ಟಿಫನ್ ಬಾಕ್ಸಿನೊಳಗಿಟ್ಟು, ಮುಚ್ಚಳ ಹಾಕಿ ಕೊಟ್ಟ. ಇನ್ನು ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಅಲ್ಲೇ ಎಲ್ಲ ಮುಗಿದುಹೋಗುತ್ತಿತ್ತು.

ಮನೆಗೆ ವಾಪಸ್ ಬಂದಾಗ ಪುಟ್ಟಮಾದಮ್ಮ ತೊಟ್ಟಿಯ ಪಕ್ಕ ಸ್ಟೂಲ್ ಹಾಕಿಕೊಂಡು ನಿಂತಿದ್ದಳು. ಒಂದು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು, ತಲೆಯೆತ್ತರಕ್ಕೆ ಎತ್ತಿ, ಸಣ್ಣಗೆ ಧಾರೆ ಕಟ್ಟಿ ಅದರೊಳಗೇ ಸುರಿಯುತ್ತಿದ್ದಳು. ಗುಳ್ಳೆ ಎದ್ದ ಕಡೆಗೆ ಮೀನುಗಳು ಬಂದು ಸೇರಿಕೊಳ್ಳುತ್ತಿದ್ದವು. ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಯಾರೂ ಇಲ್ಲ, ಫಿಲ್ಟರು ಇಷ್ಟು ದಿನ ಮಾಡುತ್ತಿದ್ದದ್ದು ಇದನ್ನೇ ತಾನೇ ಎಂದಳು. ನಾನು ಅಂಗಡಿಯಲ್ಲಿ ಆದದ್ದನ್ನು ನನಗೆ ಅನುಕೂಲವಾಗುವಷ್ಟು ಹೇಳಿದೆ. ಅವಳು ಸುರಿಯುವುದನ್ನು ನಿಲ್ಲಿಸದೇ ಹೇಳಿದಳು:

“ಸಿದ್ದಯ್ಯೋರ ತಾವ್ಕೆ ಓಗಿ. ನೀವು ಬರಗಂಟ ನಾ ಉಯ್ತಾ ಇರ್ತೀನಿ.”

“ಬೇರೆ ಯಾರಾದ್ರೂ…”

“ಬೇರೆ ಯಾರವ್ರೆ? ನೀವು ಅವ್ರ ಮೊಕ ನೋಡಕ್ ನಾಚ್ಕತಿದೀರಿ ಅಂತ ಮೀನು ಯಾಕ್ ಸಾಯ್ಬೇಕು?”

ನಾನು ಟಿಫನ್ ಬಾಕ್ಸು ಹಿಡಿದು ನಂಜನಗೂಡಿನ ಬಸ್ಸು ಹತ್ತಿದೆ. ಪಕ್ಕ ಕೂತವರು ಊಟ ಕಟ್ಟಿಕೊಂಡು ಹೊರಟಿದ್ದೀರಾ ಎಂದು ಕೇಳಿದರು, ಹೌದು ಎಂದೆ. ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದರು. ನೀರಿನ ಡಿಪಾರ್ಟ್‌ಮೆಂಟ್ ಎಂದು ಹೇಳಿ ಕಿಟಕಿಯ ಕಡೆ ತಿರುಗಿದೆ. ದಾರಿಯುದ್ದಕ್ಕೂ ಏನು ಹೇಳುವುದೆಂದು ಮಾತು ಜೋಡಿಸಿಕೊಂಡೆ. ನಂಜನಗೂಡಿನಲ್ಲಿ ಇಳಿದು ಆಟೋ ಹತ್ತಿ ಚಿಕ್ಕಯ್ಯನಛತ್ರ ಮುಟ್ಟುವಷ್ಟರಲ್ಲಿ ಜೋಡಿಸಿದ್ದೆಲ್ಲ ಬಿಚ್ಚಿಹೋಗಿತ್ತು.

ದೊಡ್ಡಸಿದ್ದಯ್ಯ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ಒಂದು ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಇನ್ನೊಂದೂ ಅಷ್ಟಕ್ಕಷ್ಟೇ ಎಂದು ಆಮೇಲೆ ಗೊತ್ತಾಯಿತು. ನಾನು ಅಂಗಳದಲ್ಲಿ ಚಪ್ಪಲಿ ಬಿಡುತ್ತಾ ಕೆಮ್ಮಿದೆ. ಅವರು ಮುಖ ಎತ್ತದೇ, “ಯಾರು, ಮರಿಯಾ? ಬಾ” ಎಂದರು. ಮೂರು ವರ್ಷವಲ್ಲ, ನಿನ್ನೆ ತಾನೇ ಶಿಫ್ಟು ಮುಗಿಸಿ ಹೋಗಿ ಇವತ್ತು ಬಂದವನನ್ನು ಕರೆದಹಾಗೆ. ಅವರ ಸೊಸೆ ಶಿವರಂಜನಿ ಮಜ್ಜಿಗೆ ತಂದುಕೊಟ್ಟಳು. ನಾನು ಕುಡಿದು ಲೋಟ ಕೆಳಗಿಟ್ಟು, ಟಿಫನ್ ಬಾಕ್ಸು ಬಿಚ್ಚಿ, ಅಣ್ಣ, ಒಂದು ಪಂಪು ನಿಂತುಹೋಗಿದೆ ಎಂದೆ.

ಅವರು ಫಿಲ್ಟರನ್ನು ಕೈಗೆ ತೆಗೆದುಕೊಂಡು ಬೆರಳಲ್ಲೇ ನೋಡಿದರು. ಎಷ್ಟು ಎಚ್‌ಪಿ ಎಂದು ಕೇಳಿದರು. ಕೆಳಗೆ ಬರೆದದ್ದನ್ನು ಓದಿ, ಆರು ವ್ಯಾಟು ಎಂದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಅರವತ್ತು ಎಚ್‌ಪಿ ಕೆಟ್ಟಾಗ ಕೇಳುತ್ತಿದ್ದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದರು. ಯಾವಾಗ ನಿಂತಿತು, ಸದ್ದು ಇದೆಯೇ, ಬಿಸಿಯಾಗಿತ್ತೇ, ನೀರಿನ ಮಟ್ಟ ಇಳಿದಿತ್ತೇ. ಸ್ಪಂಜನ್ನು ಮೂಗಿಗೆ ಹಿಡಿದು, ಸೋಪಿನ ವಾಸನೆ ಬರುತ್ತಿದೆಯಲ್ಲ ಎಂದರು. ತೊಳೆದೆ ಎಂದೆ. ನಿಲ್ಲುವ ಮೊದಲು ತೊಟ್ಟಿಗೆ ಹೊಸದಾಗಿ ಏನಾದರೂ ಹಾಕಿದ್ದೆಯಾ ಎಂದು ಕೇಳಿದರು.

ಏನೂ ಇಲ್ಲ ಎಂದು ಬಾಯಿ ತೆರೆದವನು ಅಲ್ಲೇ ನಿಂತೆ.

“ಒಸಿ ಮರಳು” ಎಂದೆ.

ನಮ್ಮ ಪಂಪ್‌ಹೌಸಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ಮರಳು ಪಂಪಿನ ಶತ್ರು’ ಎಂದು ಬರೆದಿತ್ತು. ದೊಡ್ಡಸಿದ್ದಯ್ಯ ಕೇಳಿದ್ದೂ ಅದನ್ನೇ, “ಗೋಡೆ ಮ್ಯಾಲೆ ಬರ್ದಿದ್ದು ಯಾರ್ಲಾ?” ಎಂದು. ಬರೆದವನು ನಾನೇ. ಅಕ್ಷರ ದುಂಡಗಿದೆ ಎಂದು ನನ್ನ ಕೈಯಲ್ಲೇ ಬರೆಸಿದ್ದರು.

ಅವರು ಫಿಲ್ಟರನ್ನು ನನ್ನ ಕೈಗೆ ವಾಪಸ್ ಕೊಟ್ಟರು. ನನ್ನ ಕಣ್ಣಿಗೆ ಇಷ್ಟು ಸಣ್ಣದು ಕಾಣುವುದಿಲ್ಲ, ಕೈಯೂ ನಡುಗುತ್ತದೆ, ನೀನೇ ಬಿಚ್ಚು ಎಂದರು. ನನಗೆ ಬಿಚ್ಚಲು ಬರುವುದಿಲ್ಲ ಎಂದೆ. ಇಷ್ಟು ವರ್ಷದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ್ದೂ ಅದು ಮೊದಲೇ ಚೆನ್ನಾಗಿ ಗೊತ್ತಿದ್ದವರಿಗೇ. ಅವರು ಜೇಬಿನಿಂದ ಮೊಬೈಲ್ ತೆಗೆದು, ಸೊಸೆಯ ಕೈಯಲ್ಲಿ ಅದರ ಟಾರ್ಚ್ ಹಾಕಿಸಿಕೊಂಡು, ನನ್ನ ಭುಜದ ಪಕ್ಕ ಬಂದು ಕೂತು ಬೆಳಕು ಹಿಡಿದರು.

ಮದನ್ ಹೇಳಲು ಹೊರಟದ್ದು ನೆನಪಾಗಿ ಮೂತಿಯನ್ನು ಎಡಕ್ಕೆ ತಿರುಗಿಸಿದೆ. ಕಾಲು ಸುತ್ತಿಗೇ ಕಳಚಿ ಬಂತು. ಸ್ಕ್ರೂ ಬೇಕಾಗಿಯೇ ಇರಲಿಲ್ಲ. ಒಳಗೆ ಬೆರಳುಗಾತ್ರದ ಗುಳಿ, ಅದರಲ್ಲಿ ಒಂದು ಪುಟ್ಟ ಚಕ್ರ, ನಾಲ್ಕು ರೆಕ್ಕೆ. ಅದನ್ನು ಎಳೆದೆ, ಬರಲಿಲ್ಲ. ಅಂಟಿಸಿಬಿಟ್ಟಿದ್ದಾರೆ ಅಣ್ಣ ಎಂದೆ.

“ಅಂಟ್ಸಿಲ್ಲ. ಅಯಸ್ಕಾಂತ ಹಿಡ್ಕೊಂಡದೆ. ಎಳಿ.”

ಎಳೆದೆ. ಬಂತು. ಚಕ್ರದ ಕೆಳಗೆ ಗೋಲಿಯಂಥ ಅಯಸ್ಕಾಂತ, ನಡುವೆ ಸೂಜಿಯಷ್ಟು ತೆಳ್ಳಗಿನ ಬಿಳಿ ಕಡ್ಡಿ. ಅದರ ಸುತ್ತ ಮರಳು, ಒಂದು ಉದ್ದನೆಯ ಕೂದಲೂ ಸುತ್ತಿಕೊಂಡಿತ್ತು. ಕಡ್ಡಿ ಮುರಿದರೆ ಕಥೆ ಮುಗಿಯಿತು, ನಿಧಾನ ಎಂದರು. ನಾನು ಕೂದಲನ್ನು ಬಿಡಿಸುತ್ತಿದ್ದೆ. ಮೊಬೈಲಿನ ಬೆಳಕು ಒಮ್ಮೆ ನನ್ನ ಉಗುರಿನ ಮೇಲೆ, ಒಮ್ಮೆ ಗೋಡೆಯ ಮೇಲೆ, ಒಮ್ಮೆ ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ಸ್ವಲ್ಪ ಈ ಕಡೆ ಅಣ್ಣ ಎಂದೆ. ಇನ್ನೂ ಸ್ವಲ್ಪ ಕೆಳಗೆ ಎಂದೆ. ಅವರು ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ನೋಡಿದರು. ಕೊನೆಗೆ ನಕ್ಕರು.

“ಕಷ್ಟ ಕಣ್ಲಾ ಇದು, ಟಾರ್ಚ್ ಹಿಡ್ಯೋದು.”

ಶಿವರಂಜನಿ ಕೊಟ್ಟ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಳಿಯನ್ನು ಉಜ್ಜಿದೆ, ನೀರು ಬಿಟ್ಟು ಅಲುಗಿಸಿ ಚೆಲ್ಲಿದೆ, ಮತ್ತೆ ಉಜ್ಜಿದೆ. ಕಾಳುಕಾಳಾಗಿ ಸಂಗಮದ ಮರಳು ಅವರ ಜಗಲಿಯ ಮೇಲೆ ಬಿತ್ತು. ಚಕ್ರವನ್ನು ಕೂರಿಸಿ ಬೆರಳಿನಿಂದ ತಿರುಗಿಸಿದರೆ ಈಗ ಸಲೀಸಾಗಿ ತಿರುಗಿತು. ಸೋಪಿನ ವಾಸನೆ ಹೋಗುವವರೆಗೆ ಸ್ಪಂಜನ್ನು ಬರೀ ನೀರಲ್ಲಿ ಜಾಲಿಸಿದೆ. ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೆರಡು ನೆನಪಿಗೆ ಬಂದವು.

“ಅಣ್ಣ, ಅವತ್ತು ಸ್ಟೇಜ್ ಮೇಲೆ ನಾನು…”

“ಕೇಸ್ರಿಬಾತ್ ಚೆನ್ನಾಗಿತ್ತು” ಎಂದರು.

ಅವರು ಮೊಬೈಲಿನ ಬೆಳಕು ಆರಿಸಲು ಎಲ್ಲಿ ಒತ್ತುವುದೆಂದು ಹುಡುಕುತ್ತಾ ನಿಧಾನವಾಗಿ ಹೇಳಿದರು. “ಮೊದ್ಲು ಒಸಿ ಹೊಟ್ಟೆ ಉರೀತು, ಸುಳ್ಳ್ಯಾಕ್ ಹೇಳ್ಲಿ. ಆಮೇಲೆ ನಂಗೂ ಕೇಳಕ್ ಖುಷಿ ಆಯ್ತು. ನಾ ಹೇಳಿದ್ರೆ ಎರಡು ಮಾತ್ಗೆ ಮುಗ್ದೋಗದು. ಆದ್ರೆ ಬಲ್ಬು ಇನ್ನೂರು ವ್ಯಾಟಿಂದು ಕಣೋ. ನೀನು ನೂರು ಅಂದ್ಬುಟ್ಟೆ.”

ಬಕೆಟ್ಟಿನಲ್ಲಿ ನೀರು ತುಂಬಿ, ಫಿಲ್ಟರು ಮುಳುಗಿಸಿ ಪ್ಲಗ್ಗು ಹಾಕಿದೆವು. ನೀರಿಲ್ಲದೇ ಒಂದು ಕ್ಷಣವೂ ಓಡಿಸಬೇಡ ಎಂದು ಎರಡು ಸಲ ಎಚ್ಚರಿಸಿದರು. ಗುಂಯ್ ಎನ್ನಲಿಲ್ಲ. ಒಂದೆರಡು ಸಲ ಕರಕರ ಎಂದು, ಮೂತಿಯಿಂದ ನೀರು ಚಿಮ್ಮಿ ನೇರ ಜಗಲಿಯ ಗೋಡೆಗೆ ಬಡಿಯಿತು. ಅವರ ಪಂಚೆಯೂ ನೆನೆಯಿತು. ಅವರಿಗೆ ಅದು ಕಾಣಿಸಿತೋ ಇಲ್ಲವೋ, ಸದ್ದು ಕೇಳಿ ತಲೆ ಆಡಿಸಿದರು. ಹೊರಡುವಾಗ, ಮರಳನ್ನು ತೊಟ್ಟಿಯಿಂದ ತೆಗೆಯದೇ ಇದನ್ನು ಹಾಕಿದರೆ ನಾಳೆ ಮತ್ತೆ ಇಲ್ಲಿಗೇ ಬರುತ್ತೀಯ, ಫಿಲ್ಟರನ್ನು ತಳದಿಂದ ನಾಲ್ಕು ಬೆರಳು ಮೇಲೆ ಕಟ್ಟು ಎಂದು ಹೇಳಿ ಕಳಿಸಿದರು. ನದಿಯಲ್ಲಿ ಪೈಪಿನ ಬಾಯನ್ನು ಮರಳಿನಿಂದ ಎತ್ತರಿಸಿ ಇಡುವುದು ಯಾಕೆಂದು ನಾನೇ ಎಷ್ಟೋ ಶಾಲೆ ಮಕ್ಕಳಿಗೆ ಪಂಪ್‌ಹೌಸ್ ತೋರಿಸುವಾಗ ವಿವರಿಸಿದ್ದೆ.

ನಾನು ನರಸೀಪುರ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಪುಟ್ಟಮಾದಮ್ಮನ ಸೆರಗೆಲ್ಲ ಒದ್ದೆ. ಬಲಗೈ ಎತ್ತಲು ಆಗುತ್ತಿರಲಿಲ್ಲ, ಎಡಗೈಯಲ್ಲಿ ಸುರಿಯುತ್ತಿದ್ದಳು. ನಡುವೆ ಎದುರು ಮನೆಯಾಕೆ ಬಂದು ಅರ್ಧ ಗಂಟೆ ಸುರಿದು ಕೊಟ್ಟರಂತೆ, ಆಗಷ್ಟೇ ಒಂದು ತುತ್ತು ಊಟ ಮಾಡಿದಳಂತೆ. ನಾನು ಚಿಕ್ಕಯ್ಯನಛತ್ರದಲ್ಲಿ ಮುದ್ದೆ ಊಟ ಮಾಡಿ ಬಂದಿದ್ದೆನೆಂದು ಹೇಳಲಿಲ್ಲ. ಇಬ್ಬರೂ ಸೇರಿ ಒಂದು ಪೈಪು ಇಳಿಬಿಟ್ಟು, ಬಾಯಲ್ಲಿ ಎಳೆದು, ತಳದ ಮರಳನ್ನು ನೀರಿನ ಜೊತೆ ಬಕೆಟ್ಟಿಗೆ ಇಳಿಸಿದೆವು. ಎಳೆಯುವಾಗ ನಾನು ಎರಡು ಗುಟುಕು ತೊಟ್ಟಿಯ ನೀರನ್ನು ನುಂಗಿದೆ. ಇಳಿಸಿದಷ್ಟೂ ಹೊಸ ನೀರು ತುಂಬಿಸಿ, ಫಿಲ್ಟರನ್ನು ನಾಲ್ಕು ಬೆರಳು ಎತ್ತರಕ್ಕೆ ಅಂಟಿಸಿ ಪ್ಲಗ್ಗು ಹಾಕಿದಾಗ ಗುಳ್ಳೆಗಳು ಎದ್ದವು. ಮೀನುಗಳು ಒಂದೊಂದಾಗಿ ಕೆಳಗಿಳಿದವು. ಅವಳು ಚೊಂಬನ್ನು ಕೆಳಗಿಟ್ಟು, ರೋಜಾ ಕೂರುವ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಕೈ ಒತ್ತಲೇ ಎಂದು ಕೇಳಿದೆ. ಒತ್ತಿ ಎಂದಳು.

ಇಲ್ಲಿಗೆ ಎಲ್ಲ ಸುಖವಾಗಿದ್ದರೆ ಚೆನ್ನಾಗಿತ್ತು. ಮೂರನೆಯ ದಿನ ನೀರು ಹಾಲು ಬೆರೆಸಿದಹಾಗೆ ಮಬ್ಬಾಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಕಪ್ಪು ಮೋಲಿ ಸತ್ತು ತೇಲಿತು. ಸಂಜೆ ರೋಜಾ, ರಾಹುಲ್ ಬಂದರು. ರೋಜಾ ಬ್ಯಾಗು ಕೆಳಗಿಡುವ ಮೊದಲೇ ತೊಟ್ಟಿ ನೋಡಿ, ಮೀನು ಎಣಿಸಿ, ನನ್ನ ಕಡೆ ತಿರುಗಿದಳು. ನಾನು ಮರಳಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ, ಮದನ್‌ಗೆ ಆಡಿದ ಮಾತನ್ನೂ ಬಿಡದೇ. ಅವಳು ಸಿಟ್ಟು ಮಾಡಲಿಲ್ಲ. ಸ್ಪಂಜಿಗೆ ಸೋಪು ಹಾಕಿ ತೊಳೆದೆ ಎಂದಾಗ ಮಾತ್ರ ಹಣೆಗೆ ಕೈ ಇಟ್ಟುಕೊಂಡಳು.

“ಅಪ್ಪ, ಆ ಲೋಳೆನೇ ಫಿಲ್ಟರು. ಅದ್ರಲ್ಲಿರೋ ಒಳ್ಳೆ ಕ್ರಿಮಿಗಳೇ ನೀರು ಕ್ಲೀನ್ ಮಾಡೋದು. ಸ್ಪಂಜು ಅವಕ್ಕೆ ಮನೆ ಅಷ್ಟೆ.”

ಆ ಮನೆಯವರನ್ನೆಲ್ಲ ನಾನು ಪಾತ್ರೆ ಸೋಪಿನಲ್ಲಿ ತೊಳೆದುಬಿಟ್ಟಿದ್ದೆ. ಅವಳು ಮುಂದಿನ ಎರಡು ವಾರ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪವೇ ನೀರು ಬದಲಾಯಿಸುತ್ತಾ, ತಿಂಡಿ ಕಡಿಮೆ ಹಾಕುತ್ತಾ, ಉಳಿದ ಐದು ಮೀನನ್ನು ಉಳಿಸಿಕೊಂಡಳು. ಸತ್ತದ್ದನ್ನು ನಾನು ಹಿತ್ತಲಲ್ಲಿ ದಾಸವಾಳದ ಬುಡಕ್ಕೆ ಹೂತೆ. ರಾಹುಲ್ ನನ್ನ ಜೊತೆ ಬಂದು ನಿಂತಿದ್ದ. ಹಾಗಾದರೆ ಆ ವರ್ಷ ಮೋಟರು ಬಿಚ್ಚಿದವರೂ ಅವರೇನಾ ಮಾವ ಎಂದು ಕೇಳಿದ. ಹೂಂ ಎಂದೆ. ನೀವು ಹೇಳುವಾಗ ನನಗೂ ಸ್ವಲ್ಪ ಅನುಮಾನ ಇತ್ತು, ಒಂದೊಂದು ಸಲ ಮೋಟರು ಎರಡು ಇರುತ್ತಿತ್ತು, ಒಂದೊಂದು ಸಲ ಮೂರು ಎಂದ. ಇತಿಹಾಸದ ಮೇಷ್ಟ್ರಿಗೆ ಹೆಣ್ಣು ಕೊಡುವಾಗ ಇದನ್ನು ನಾನು ಯೋಚಿಸಿರಲಿಲ್ಲ.

ದೊಡ್ಡಸಿದ್ದಯ್ಯನವರ ಕಣ್ಣಿನ ವಿಷಯ ಹೇಳಿದ್ದೆನಲ್ಲ, ರೋಜಾ ಅದನ್ನು ಮರೆಯಲಿಲ್ಲ. ಅವಳೇ ಡಾಕ್ಟರನ್ನು ವಿಚಾರಿಸಿ, ಮೈಸೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಪೊರೆಯ ಆಪರೇಷನ್ನಿಗೆ ದಿನ ಗೊತ್ತುಮಾಡಿದಳು. ಅವರ ಮಗನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ, ಜೊತೆಗೆ ನಾನು ಹೋದೆ. ಆಸ್ಪತ್ರೆಯಲ್ಲಿ ಒಬ್ಬಾಕೆ ಫಾರಂ ಹಿಡಿದು ಬಂದು, ನೀವು ಪೇಷಂಟಿಗೆ ಏನಾಗಬೇಕು ಎಂದು ನನ್ನನ್ನು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಮೂವತ್ತನಾಲ್ಕು ವರ್ಷದ ಕಥೆಯನ್ನು ಮೊದಲಿನಿಂದ ಶುರುಮಾಡುವವನಿದ್ದೆ. ಆಕೆಯ ಪೆನ್ನು ಇನ್ನೂ ಖಾಲಿ ಜಾಗದ ಮೇಲೆಯೇ ನಿಂತಿತ್ತು. ದೊಡ್ಡಸಿದ್ದಯ್ಯ ಆಕೆಯ ಧ್ವನಿ ಬಂದ ಕಡೆ ಮುಖ ತಿರುಗಿಸಿದರು.

“ತಮ್ಮ ಅಂತ ಬರ್ಕೊಳವ್ವ” ಎಂದರು.

ಆಕೆ ಬರೆದುಕೊಂಡು ಇಲ್ಲಿ ಸಹಿ ಮಾಡಿ ಎಂದರು. ಸಹಿ ಮಾಡಿದೆ. ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ಬಾಗಿಲ ಬಳಿ ಬಿಟ್ಟಿದ್ದ ಅವರ ಚಪ್ಪಲಿಯನ್ನು ಯಾರೂ ತುಳಿಯದಂತೆ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ.